ತುಟಿಹರಕಿ

ಮಳವಳ್ಳಿಯಲ್ಲಿ ಶ್ವೇತಳದೊಂದು ಟೈಲರಿಂಗ್ ಅಂಗಡಿ. ಒಂದೇ ಬಾಗಿಲು, ಎರಡು ಮಿಷನ್ನು, ಗೋಡೆ ತುಂಬ ದಾರದ ರೀಲುಗಳು. ಮಹದೇವಮ್ಮ ಅಲ್ಲಿಗೆ ಮೊದಲ ಸಲ ಬಂದದ್ದು ರವಿಕೆ ಹೊಲಿಸುವುದಕ್ಕೆ. ಅಳತೆ ಕೊಟ್ಟಳು, ಕುತ್ತಿಗೆ ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ನಿಲ್ಲಬೇಕು ಅಂತ ಹೇಳಿದಳು. ಕೆಲಸ ಮುಗಿದರೂ ಹೋಗದೆ ಕತ್ತರಿಸುವ ಮೇಜಿನ ಕೆಳಗೆ ಬಗ್ಗಿ ನೋಡುತ್ತ ನಿಂತಳು. ಅಲ್ಲಿ ಬಟ್ಟೆಯ ಚೂರು, ದಾರದ ತುಂಡು, ಸೀರೆಯ ಅಂಚಿನಿಂದ ಬಿಚ್ಚಿದ ಜರಿ ಎಲ್ಲ ಸೇರಿ ಗುಡ್ಡೆಯಾಗಿ ಬಿದ್ದಿತ್ತು.

"ಈ ಜರಿ ಎಳೆ ಬಿಸಾಕ್ತೀಯೇನವ್ವ?"

"ಇನ್ನೇನ್ಮಾಡ್ಲಿ? ಕಸಕ್ಕೆ ಹೋಗುತ್ತೆ."

"ನಂಗೆ ಕೊಡು."

"ಏನಕ್ಕಮ್ಮ?"

"ನೊಣ ಕಟ್ಟಕೆ."

ಕಾಯುತ್ತ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಹದೇವಮ್ಮ ಅವರ ಕಡೆ ತಿರುಗಿಯೂ ನೋಡದೆ ಸೊಂಟದಿಂದ ಒಂದು ಬೆಂಕಿಪೊಟ್ಟಣ ತೆಗೆದು ಶ್ವೇತಳ ಮುಂದೆ ತೆರೆದಳು. ಒಳಗೆ ಹತ್ತಿಯ ಮೇಲೆ ಕೆಲವು ಹುಳುಗಳು ಮಲಗಿದ್ದವು. ಒಂದು ಕಂದು, ಒಂದು ಬೂದು, ಒಂದಕ್ಕೆ ಹೊಟ್ಟೆಯಡಿ ಹಳದಿ ಪಟ್ಟೆ. ಎಲ್ಲಕ್ಕೂ ರೆಕ್ಕೆ, ಎಲ್ಲಕ್ಕೂ ಮೀಸೆ.

"ಹುಳ ಅಲ್ಲ ಕಣವ್ವ, ಹುಳದ ಯೇಸ. ಹುಂಜದ ಕತ್ತಿನ ಗರಿ ಸುತ್ತಿವ್ನಿ. ಒಳಗೆ ಗಾಳ ಅದೆ, ಉಸಾರು."

ಶ್ವೇತ ಬೆರಳ ತುದಿಯಿಂದ ಒಂದನ್ನು ಮುಟ್ಟಿದಳು. ಗರಿ ಮೆತ್ತಗೆ ಬಾಗಿ ಮತ್ತೆ ಎದ್ದು ನಿಂತಿತು. ಅಷ್ಟಕ್ಕೇ ಅವಳ ಎದೆಯೊಳಗೆ, ಎಷ್ಟೋ ವರ್ಷದಿಂದ ಕದಲದೆ ನಿಂತಿದ್ದ ನೀರಿನಲ್ಲಿ ಏನೋ ಪುಳಕ್ಕೆಂದು ಮೇಲೆ ಬಂದು ಹೋಯಿತು. ಅವಳ ತವರು ಮದ್ದೂರಿನ ಪಕ್ಕದ ಶಿವಪುರ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಶಿಂಷಾ ಹೊಳೆಯ ದಡದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿ ಕೂರುತ್ತಿದ್ದಳು. ದೊಡ್ಡವಳಾದ ದಿನ ಅವಳ ಬಿದಿರು ಕಡ್ಡಿಯನ್ನು ಯಾರೋ ಅಟ್ಟಕ್ಕೆ ಎತ್ತಿಟ್ಟರು. ಯಾರೂ ಬೈಯಲಿಲ್ಲ, ಬೇಡ ಅನ್ನಲೂ ಇಲ್ಲ, ಎತ್ತಿಟ್ಟರು ಅಷ್ಟೆ. ಅವಳೂ ಕೇಳಲಿಲ್ಲ.

"ನಂಗೂ ಕಲಿಸ್ತೀರಾ?" ಅಂದುಬಿಟ್ಟಳು. ಬಾಯಿಂದ ಬಂದ ಮಾತು ತನ್ನದೇ ಹೌದಾ ಅಂತ ಅವಳಿಗೇ ಅನುಮಾನವಾಯಿತು.

ಮಹದೇವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಡಿಗೆ ಯಾವತ್ತು ರಜ?"

"ಮಂಗಳವಾರ."

"ಬೆಳಕವಾಡಿ ಬಸ್ಸು ಅತ್ತು. ಇಳ್ದು ಮಾದೇವಮ್ಮನ ಮನೆ ಅಂತ ಕೇಳು. ಮೀನಿನ ಮಾದೇವಮ್ಮ ಅನ್ನು, ಬ್ಯಾಗ ಗೊತ್ತಾಯ್ತದೆ."

ಹಾಗೆ ಶುರುವಾದದ್ದು.

ಬೆಳಕವಾಡಿ ದಾಟಿ ಕಾವೇರಿಗೆ ಇಳಿಯುವ ಕಡೆ ಒಂದು ಮಡುವಿದೆ. ಹೊಳೆ ಬಂಡೆಗಳ ನಡುವೆ ನುಗ್ಗಿ ಬಂದು, ಅಲ್ಲಿಗೆ ಬರುತ್ತಲೇ ಸುಸ್ತಾದವರಂತೆ ಅಗಲವಾಗಿ ಮಲಗುತ್ತದೆ. ದಡದ ಮತ್ತಿ ಮರಗಳ ನೆರಳು ನೀರಿನ ಅರ್ಧಕ್ಕೆ ಚಾಚಿರುತ್ತದೆ. ಬೆಳಗಿನ ಹೊತ್ತು ನೀರಿನ ಮೇಲೆ ಹೊಗೆಯಂಥ ಮಂಜು. ಆ ಮಂಜಿನೊಳಗೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿದ್ದರೆ ಅದು ಹಕ್ಕಿಯೋ, ಯಾರೋ ಒಗೆದು ಹರವಿದ ಸೀರೆಯೋ ತಿಳಿಯುತ್ತಿರಲಿಲ್ಲ.

ಮಹದೇವಮ್ಮನ ಹತ್ತಿರ ಇದ್ದದ್ದು ಒಂದೇ ಗಾಳದ ಕೋಲು. ಹೊಳೆಯ ಜೊತೆ ಕೆಳಕ್ಕೆ ಹೋದರೆ, ಕಾಡಿನ ಅಂಚಿಗೆ ಹಿಂದೊಮ್ಮೆ ಮೀನು ಹಿಡಿಯುವ ಶೋಕಿಯವರ ಕ್ಯಾಂಪೊಂದಿತ್ತು. ಅವಳ ಗಂಡ ರೇವಣ್ಣ ಅಲ್ಲಿ ಕಾವಲಿಗೆ, ಇವಳು ಅಡುಗೆಗೆ. ಯಾವುದೋ ದೂರದ ದೇಶದಿಂದ ಬಂದ ವಯಸ್ಸಾದ ಹೆಂಗಸೊಬ್ಬಳು, ಪಾತ್ರೆ ತೊಳೆಯಲು ನೀರಿಗಿಳಿದ ಇವಳ ಕೈಗೆ ತನ್ನ ಕೋಲು ಕೊಟ್ಟು, ಹಿಂದಿನಿಂದ ಮಣಿಕಟ್ಟು ಹಿಡಿದು ದಾರ ಬೀಸುವುದನ್ನು ಕಲಿಸಿದ್ದಳು. ಅವಳ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವಳಿಗೆ ತಿಳಿಯದು. ಹೊರಡುವ ದಿನ ಕೋಲನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ಇವಳ ಕೆನ್ನೆ ಮುಟ್ಟಿ ಹೋದಳಂತೆ. ಆಮೇಲೆ ಕ್ಯಾಂಪು ಮುಚ್ಚಿತು. ರೇವಣ್ಣನೂ ಹೋದ. ಕೋಲು ಉಳಿಯಿತು.

ಎರೆಹುಳ ಚುಚ್ಚಿದ ಗಾಳವನ್ನು ನೀರಿಗೆ ಹಾಕಿ ಕೂತರೆ ಸಾಕು. ಈ ನೊಣದ ಗಾಳ ಹಾಗಲ್ಲ. ನೊಣಕ್ಕೆ ತೂಕವೇ ಇಲ್ಲ. ದಪ್ಪ ಹಳದಿ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿ, ಕೊನೆಗೆ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಳ್ಳಲು ಬಿಟ್ಟರೆ ತುದಿಯ ನೊಣ ತಾನೇ ಬಂದು ಕೂತ ಹಾಗೆ ನೀರಿನ ಮೇಲೆ ಇಳಿಯಬೇಕು. ಶ್ವೇತ ಮೊದಮೊದಲು ಬೀಸಿದ್ದೆಲ್ಲ ಮತ್ತಿಯ ಕೊಂಬೆಗೋ, ಅವಳದೇ ಜಡೆಗೋ ಹೋಗಿ ಸಿಕ್ಕಿಕೊಳ್ಳುತ್ತಿತ್ತು.

"ಎಮ್ಮೆ ಒಡೀತಿದ್ದೀಯೇನೆ?" ಮಹದೇವಮ್ಮ ಬಂಡೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದಳು. "ಇಂದಕ್ಕೆ ಓಗಾಕೆ ಬುಡು. ಪೂರ್ತಿ ಓಗ್ಲಿ. ಇಂದೆ ಸಾಕಾಯ್ತು ಅಂತ ಅದೇ ಅಂತದೆ, ಆವಾಗ ಮುಂದಕ್ಕೆ ಕರಿ."

"ಅಂದಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕಕ್ಕ?"

"ಮಕ್ಕಳು ನಿದ್ದೆ ಓದಾಗ ತೋಳಿಗೆ ಗೊತ್ತಾಯ್ತದಲ್ಲ, ಅಂಗೆ."

ಒಂದು ಬೆಳಿಗ್ಗೆ ಅದು ತೋಳಿಗೆ ಗೊತ್ತಾಯಿತು. ದಾರ ಹಿಂದೆ ಹೋಗಿ, ಗಾಳಿಯಲ್ಲಿ ಒಂದು ಗಳಿಗೆ ತೂಗಿ, ಮತ್ತೆ ಅವಳ ತಲೆಯ ಮೇಲೆ ಹಾದು ಮುಂದೆ ಹೋಗಿ ಮೆಲ್ಲಗೆ ಬಿಚ್ಚಿಕೊಂಡಿತು. ಹುಂಜದ ಗರಿಯ ನೊಣ ನೀರಿಗೆ ಕೂತಿತು, ಸುತ್ತ ಒಂದು ಸಣ್ಣ ಉಂಗುರ ಎದ್ದಿತು. ಶ್ವೇತ ಉಸಿರು ಬಿಡುವುದನ್ನು ಮರೆತಳು. ಮಹದೇವಮ್ಮ ಎಲೆಯಡಿಕೆ ಉಗಿದು, "ಈಗ ನೀನು ನನ್ ಜೊತೆಗಾತಿ ಕಣೆ ಸ್ವೇತ," ಅಂದಳು.

ಅಂದಿನಿಂದ ವಾರವೆಲ್ಲ ಅವಳಿಗೆ ಮಂಗಳವಾರದ ಕಡೆ ಹರಿಯುವ ಕಾಲುವೆಯಾಯಿತು. ಮಿಷನ್ನಿನ ಕೆಳಗೆ ಸಾಗುವ ಬಟ್ಟೆ ನೀರಿನಂತೆ ಕಾಣುತ್ತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಗಾಳವನ್ನು ಮಿಷನ್ನಿನ ಪಾದದಡಿ ಸಿಕ್ಕಿಸಿ, ಸೂಜಿ ಎತ್ತಿಟ್ಟು, ಗರಿ ಸುತ್ತಿ, ಅದರ ಮೇಲೆ ಮದುವೆ ರವಿಕೆಗಳಲ್ಲಿ ಉಳಿದ ದಾರ ಸುತ್ತುತ್ತಿದ್ದಳು. ಗಿಳಿಹಸಿರು, ನೇರಳೆ, ಒಂದೆಳೆ ಜರಿ. ತನ್ನ ಕೈ ಹೊಲಿದ ರವಿಕೆ ತೊಟ್ಟವರು ಯಾವ ಮದುವೆಯಲ್ಲಿ ಕೂತಿದ್ದಾರೋ, ಅದೇ ದಾರದ ನೊಣದ ಕೆಳಗೆ ಯಾವ ಮೀನು ಕಣ್ಣು ಬಿಟ್ಟುಕೊಂಡು ನಿಂತಿದೆಯೋ ಅಂತ ಯೋಚಿಸಿದರೆ ಅವಳಿಗೆ ಒಬ್ಬಳೇ ನಗು ಬರುತ್ತಿತ್ತು. ಗಂಡ, ಮಗಳು, ಮನೆ, ಅಂಗಡಿ ಯಾವುದರ ಮೇಲೂ ಅವಳಿಗೆ ದೂರಿರಲಿಲ್ಲ. ಆದರೆ ಅಲ್ಲೆಲ್ಲ ಅವಳು ಯಾರಿಗಾದರೂ ಏನಾದರೂ ಆಗಿದ್ದಳು. ಮಡುವಿನ ಹತ್ತಿರ, ಮಾತಾಡಿದರೂ ಆಡದಿದ್ದರೂ ನಡೆಯುವ ಒಬ್ಬಳ ಪಕ್ಕದಲ್ಲಿ, ಅವಳು ಬರೀ ಶ್ವೇತ. ನಲವತ್ತು ದಾಟಿದ ಮೇಲೆ ಹೀಗೊಬ್ಬಳು ಸಿಗುತ್ತಾಳೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಆದ್ದರಿಂದಲೇ ಇದು ಯಾವಾಗ ಕೈಜಾರುತ್ತದೋ ಅನ್ನುವ ಅಳುಕು ಮೊದಲ ದಿನದಿಂದಲೂ ಇತ್ತು.

ಆ ಮಡುವಿಗೆ ಒಂದು ಕಟ್ಟಳೆಯಿತ್ತು. ಹಿಡಿದ ಮೀನನ್ನು ವಾಪಸ್ಸು ನೀರಿಗೆ ಬಿಡಬೇಕು. ರೇವಣ್ಣ ತೀರಿಕೊಂಡ ವರ್ಷ ಮಹದೇವಮ್ಮ ಊರಿನವರ ಜೊತೆ ಕಾಶಿಗೆ ಹೋಗಿದ್ದಳು. ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರುವುದು ರೂಢಿ.

"ಒಬ್ಳು ಆಗಲಕಾಯಿ ಬುಟ್ಳು. ಇನ್ನೊಬ್ಳು ಬದನೇಕಾಯಿ, ಅವ್ಳಿಗೆ ಅದು ತಿಂದ್ರೆ ಮೈ ನವೆ. ದೇವ್ರೇನು ದಡ್ಡನಾ? ನಾನು ಮೀನು ಬುಟ್ಟೆ. ನನ್ ಗಂಡಂಗೆ ಬಡಿಸ್ದೆ ನಾನೊಬ್ಳೆ ಎಂಗ್ ತಿನ್ಲಿ ಅನ್ನುಸ್ತು ಅವತ್ತು."

"ಈಗ?"

"ಈಗ ಅನ್ನಿಸಾಕಿಲ್ಲ. ಎದ್ರು ಮನೇಲಿ ಒಗ್ಗರಣೆ ಆಕುದ್ರೆ ಬಾಯಲ್ಲಿ ನೀರು ಬತ್ತದೆ. ಬುಟ್ಟಾಯ್ತಲ್ಲ, ಏನ್ಮಾಡದು?"

"ಮೀನು ಬಿಟ್ಟವಳು ಗಾಳ ಯಾಕೆ ಹಿಡ್ಕಂಡಿದ್ದೀಯಕ್ಕ ಮತ್ತೆ?"

"ತಿನ್ನದು ಬುಟ್ಟೆ. ಇಡಿಯದನ್ನ ಬುಡ್ತೀನಿ ಅಂತ ಗಂಗೆ ಮುಂದೆ ನಾನು ಯೋಳೇ ಇಲ್ವಲ್ಲ!" ಅಂತ ನಕ್ಕು, ಆಮೇಲೆ ಮುಖ ಗಟ್ಟಿ ಮಾಡಿ ಹೇಳಿದ್ದಳು. "ಈ ಮಡೂನಲ್ಲಿ ಮಾತ್ರ ಒಂದನ್ನೂ ಸಾಯ್ಸದು ಬ್ಯಾಡ ಸ್ವೇತ. ನನ್ ಕಣ್ಮುಂದೆ ಸತ್ತು ನಿನ್ ಬುಟ್ಟಿಗೆ ಓದ್ರೆ, ನಿನ್ ಇಂದೇನೇ ನಿನ್ ಅಡಿಗೆಮನೆಗೆ ಬಂದ್ಬುಡ್ತೀನಿ." ಶ್ವೇತ ಆಗಲಿ ಅಂದಿದ್ದಳು.

ಆ ಮಡುವಿನಲ್ಲಿ ಒಂದು ಗೆಂಡೆ ಮೀನಿತ್ತು. ಮಹದೇವಮ್ಮ ಕಾಶಿಯಿಂದ ಬಂದು ಮೊದಲು ಹಿಡಿದದ್ದು ಅದನ್ನೇ. ಬಿಡಿಸುವಾಗ ಕೈ ಜಾರಿ ಗಾಳ ಎಳೆದು ಅದರ ಮೇಲ್ದುಟಿ ಒಂದು ಕಡೆ ಹರಿದುಹೋಗಿತ್ತು. ಆಗ ಅಂಗೈಯಗಲ ಇದ್ದದ್ದು ಈಗ ಮೊಳದುದ್ದವಾಗಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಯಾವುದಾದರೂ ನೊಣಕ್ಕೆ ಮರುಳಾಗಿ ಬರುತ್ತಿತ್ತು. "ಬಂದ್ಯಾ ತುಟಿಹರಕಿ," ಅಂತ ಮಹದೇವಮ್ಮ ಅದನ್ನು ನೀರಿನಲ್ಲೇ ಹಿಡಿದು, ಗಾಳ ಬಿಡಿಸಿ, ಹೊಟ್ಟೆಯಡಿ ಅಂಗೈ ಕೊಟ್ಟು ಅದು ಉಸಿರು ತಂದುಕೊಳ್ಳುವವರೆಗೂ ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದಳು. ಬಂಗಾರದ ಅಂಚಿನ ಸೀರೆಯೊಂದು ನೀರಿನೊಳಗೆ ಮಡಿಕೆ ಬಿಚ್ಚಿದಂತೆ ಅದು ಹೊರಟುಹೋಗುತ್ತಿತ್ತು.

ಇತ್ತ ಮನೆಯಲ್ಲಿ ಶ್ವೇತಳ ಅತ್ತೆ ಚಿಕ್ಕಬೋರಮ್ಮ. ಹೊಳೆಗೆ ಹೋಗುವ ಸೊಸೆಯನ್ನು ಅತ್ತೆ ತಡೆದಿರಬೇಕು ಅಂತ ಯಾರಾದರೂ ಎಣಿಸಿದರೆ ಅದು ತಪ್ಪು. ಮಗ ಶಶಿಧರ್, "ಜನ ಏನಂದುಕೊಳ್ತಾರೆ?" ಅಂತ ರಾಗ ಎಳೆದಾಗ, "ಜನ ನಿನ್ ಇಡ್ಲಿಗೆ ಚಟ್ನಿ ರುಬ್ಬಿಕೊಡ್ತಾರೇನ್ಲಾ? ಓಗಿ ಬರ್ಲಿ ಬುಡು," ಅಂದು ಅವನ ಬಾಯಿ ಮುಚ್ಚಿಸಿದವಳೇ ಅವಳು. ಅವಳಿಗಿದ್ದದ್ದು ಒಂದೇ ಆಸೆ. ಹೊಳೆ ಮೀನು. ಸೊಸೆ ಬಸ್ಸಿಳಿದು ಬರುವುದನ್ನೇ ಜಗುಲಿಯಲ್ಲಿ ಕಾದು ಕೂತಿರುತ್ತಿದ್ದಳು.

"ಏನಮ್ಮಿ, ಇವತ್ತೂ ಬರಿಗೈಯಾ?"

"ಸಿಗ್ಲಿಲ್ಲ ಕಣತ್ತೆ."

"ನೀನು ಓಗಿ ಮೀನಿಗೆ ಗಾಳ ಆಕ್ತೀಯೋ, ಆರ್ತಿ ಎತ್ತಿ ಬತ್ತೀಯೋ?"

ಮೀನು ಹಿಡಿದು ಬಿಟ್ಟು ಬರುತ್ತೇವೆ ಅಂತ ಶ್ವೇತ ಹೇಳಲಿಲ್ಲ. ಹೇಳಿದರೆ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದಳು. ಸಿಗಲಿಲ್ಲ ಅನ್ನುವುದೇ ಸುಲಭವಾಗಿತ್ತು. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಚಿಕ್ಕಬೋರಮ್ಮ ಹೊಳೆ ಮೀನು ಅಂತ ಬಾಯಿಬಿಟ್ಟು ಕೇಳಿದಾಗ, ಶ್ವೇತ ಮಾರ್ಕೆಟ್ಟಿನಿಂದ ಕಟ್ಲ ಮೀನು ತಂದು ಸಾರು ಮಾಡಿ, ನಾನೇ ಹಿಡಿದದ್ದು ಅಂದಳು. ಮುದುಕಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ತೆರೆದಳು. "ಕೆರೆ ಮೀನು ಕಣಮ್ಮಿ. ಕೆಸ್ರು ನಾರ್ತದೆ. ಇರ್ಲಿ ಬುಡು, ತಂದ್ಯಲ್ಲ." ಆ ಬೇಸಿಗೆಗೆ ಮುಂಚೆಯೇ ಅವಳು ಹೋದಳು.

ಅವತ್ತು ಮಹದೇವಮ್ಮನನ್ನು ಕೇಳಬಹುದಿತ್ತು. ಒಂದೇ ಒಂದು ಮೀನು ಕಣಕ್ಕ, ಸಾಯುವವಳ ಬಾಯಿಗೆ, ಅನ್ನಬಹುದಿತ್ತು. ಶ್ವೇತಳ ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿತ್ತು. ಆದರೆ ಕೇಳಿದರೆ ಕಟ್ಟಳೆ ಮುರಿಯುತ್ತದೆ, ಕಟ್ಟಳೆ ಮುರಿದರೆ ಮಂಗಳವಾರವೂ ಮುರಿದೀತು ಅಂತ ಹೆದರಿದಳು. ಕನಸಿನಲ್ಲಿ ಅತ್ತೆ ಜಗುಲಿಯ ಮೇಲೆ ಕೂತಿರುತ್ತಿದ್ದಳು. ಸೊಸೆಯ ಕೈಯನ್ನೇ ನೋಡುತ್ತಿದ್ದಳು.

ಪಿತೃಪಕ್ಷ ಬಂತು. ಚಿಕ್ಕಬೋರಮ್ಮನಿಗೆ ಮೊದಲ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿಡುವ ಹಬ್ಬ. ಅಮಾವಾಸ್ಯೆಯ ಹಿಂದಿನ ದಿನ ಮಹದೇವಮ್ಮ ಕೆರಗೋಡಿನ ಮಗಳ ಮನೆಯಲ್ಲಿದ್ದಳು. ಹಬ್ಬದ ಊಟಕ್ಕೆ ನೇರ ಮಳವಳ್ಳಿಗೇ ಬರುತ್ತೇನೆ ಅಂದಿದ್ದಳು. ಕೋಲಿಗೆ ಉಂಗುರ ಕಟ್ಟಿದ ದಾರ ಸಡಿಲವಾಗಿದೆ, ಬಿಗಿಯಾಗಿ ಸುತ್ತಿಡು ಅಂತ ಅದನ್ನು ಶ್ವೇತಳ ಅಂಗಡಿಯಲ್ಲೇ ಬಿಟ್ಟುಹೋಗಿದ್ದಳು.

ಶ್ವೇತ ದಾರ ಸುತ್ತಿದಳು. ಅಂಗಡಿಯ ಬಾಗಿಲೆಳೆದಳು. ಕೋಲು ಹಿಡಿದು ಬಸ್ಸು ಹತ್ತಿದಳು.

ಮಡು ಅವತ್ತು ಕಲಕಿತ್ತು. ಮೇಲೆಲ್ಲೋ ಮಳೆಯಾಗಿ ನೀರಿಗೆ ಚಹಾದ ಬಣ್ಣ ಬಂದಿತ್ತು. ಮಧ್ಯಾಹ್ನದಿಂದ ಬೀಸಿದಳು. ಒಂದು ಸಣ್ಣ ಮೀನೂ ಮೇಲೆ ಬರಲಿಲ್ಲ. ಸಾಕು, ಎದ್ದು ಹೋಗೋಣ ಅಂದುಕೊಳ್ಳುವಾಗ ಹೊತ್ತು ಇಳಿಯಿತು. ಇಳಿಬಿಸಿಲು ಮತ್ತಿ ಮರಗಳ ಕೆಳಗಿಂದ ಬಂದು ನೀರಿನ ಮೇಲೆ ಮಲಗಿತು. ದಾರ ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಗುತ್ತದೆ ಅನ್ನುವುದು ಕಾಣದಾಯಿತು. ತೋಳು ತನ್ನ ಪಾಡಿಗೆ ತಾನು ಬೀಸುತ್ತಿತ್ತು. ತಾನು ನಿಂತಿದ್ದೇನೋ, ನಿಂತ ಯಾರನ್ನೋ ನೋಡುತ್ತಿದ್ದೇನೋ ಅನ್ನುವಂಥ ಹೊತ್ತಿನಲ್ಲಿ ನೀರು ಬಾಯಿ ತೆರೆಯಿತು. ಕೋಲು ಬಾಗಿತು.

ತುಂಬ ಹೊತ್ತು ಸೆಣಸಿ ಅದು ದಡಕ್ಕೆ ಬಂದಾಗ ಶ್ವೇತ ಮೊಳಕಾಲವರೆಗೆ ನೀರಿಗಿಳಿದಿದ್ದಳು. ಬಗ್ಗಿ ನೋಡಿದಳು. ಮೇಲ್ದುಟಿಯ ಒಂದು ಕಡೆ ಹಳೆಯ ಹರುಕು.

ಗೊತ್ತಾಗಲಿಲ್ಲ ಅಂತ ಹೇಳುವ ಹಾಗಿರಲಿಲ್ಲ. ಗೊತ್ತಾಯಿತು. ಹೊಟ್ಟೆಯಡಿ ಅಂಗೈ ಕೊಟ್ಟಳು. ಮೀನು ಅಭ್ಯಾಸವಿದ್ದ ಹಾಗೆ ಆ ಅಂಗೈಯ ಮೇಲೆ ಭಾರ ಬಿಟ್ಟು ಸುಮ್ಮನೆ ನಿಂತಿತು, ತೂಗಲಿ ಅಂತ. ಅವಳು ತೂಗಲಿಲ್ಲ. ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮಾರನೇ ದಿನ ಎಡೆ ತಯಾರಾಯಿತು. ಚಿಕ್ಕಬೋರಮ್ಮನ ಫೋಟೋ, ಹೊಸ ಸೀರೆ, ಎಲೆಯ ಮೇಲೆ ಕಡುಬು, ವಡೆ, ಮುದ್ದೆ, ಕೋಳಿಸಾರು, ಪಾಯಸ, ಪಕ್ಕದಲ್ಲಿ ಎಲೆಯಡಿಕೆ, ಹೊಗೆಸೊಪ್ಪು. ನಡುವೆ ಒಂದು ಬಟ್ಟಲಲ್ಲಿ ಮೀನಿನ ಸಾರು, ಅದರಲ್ಲಿ ಇಡೀ ತಲೆ. ಮಹದೇವಮ್ಮ ಹೊತ್ತಿಗೆ ಸರಿಯಾಗಿ ಬಂದಳು. ಫೋಟೋಗೆ ಕೈ ಮುಗಿದು, ಧೂಪ ಹಾಕಿ, ಬಗ್ಗಿದವಳು ಏಳುವುದು ಸ್ವಲ್ಪ ತಡವಾಯಿತು. ಶ್ವೇತಳಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದರು. ಆ ಹೊತ್ತಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಳಗಿಂದ ಧೂಪದ ಹೊಗೆ ಬಾಗಿಲ ಸಂದಿನಿಂದ ಎಳೆಎಳೆಯಾಗಿ ಬರುತ್ತಿತ್ತು. ಒಳಗೆ ಯಾರೋ ನಿಜಕ್ಕೂ ಚಕ್ಕಳಮಕ್ಕಳ ಹಾಕಿ ಕೂತು, ಬೆರಳು ನೆಕ್ಕುತ್ತ, ಕೊನೆಗೂ ಸಿಕ್ತೇನಮ್ಮಿ ಅನ್ನುತ್ತಿರುವ ಹಾಗೆ ಶ್ವೇತಳಿಗೆ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಅವಳ ಎದೆ ಹಗುರವಾಯಿತು.

ಆಗ ಪಕ್ಕದಲ್ಲಿ ಮಹದೇವಮ್ಮನ ದನಿ ಕೇಳಿತು. "ಮೀನು ಎಲ್ಲಿದು?"

"ಮಾರ್ಕೆಟ್ಟಿಂದು ಕಣಕ್ಕ."

ಮಹದೇವಮ್ಮ ತಲೆಯಾಡಿಸಿದಳು. ಬಾಗಿಲು ತೆಗೆದ ಮೇಲೆ ಎಲ್ಲರ ಜೊತೆ ಕೂತು ಎರಡು ಚಮಚ ಪಾಯಸ ತಿಂದಳು. ಬಸ್ಸಿಗೆ ಹೊತ್ತಾಯಿತು ಅಂದಳು. ಗೋಡೆಗೊರಗಿದ್ದ ಕೋಲನ್ನು ನೋಡಿದಳು, ಮುಟ್ಟಲಿಲ್ಲ. ಹೊರಟುಹೋದಳು.

ಮುಂದಿನ ಮಂಗಳವಾರ ಶ್ವೇತ ಹೋದಾಗ ಅವಳ ಮನೆಗೆ ಬೀಗ. ಅದರ ಮುಂದಿನ ಮಂಗಳವಾರವೂ ಬೀಗ. ಫೋನು ಮಾಡಿದರೆ, "ಮಗಳ ಮನೇಲಿ ಇವ್ನಿ, ಕಣದ ಕೆಲ್ಸ," ಅನ್ನುವಳು. ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಶ್ವೇತ ಒಬ್ಬಳೇ ಮಡುವಿನ ಹತ್ತಿರ ಹೋಗಿ ಕೂತಳು, ಕೋಲು ಬಿಚ್ಚಲಿಲ್ಲ. ಅದೇ ನೀರು, ಅದೇ ಮಂಜು, ಅದೇ ನೀರುಕಾಗೆ. ಆದರೆ ಯಾರೋ ಎದ್ದುಹೋದ ಮನೆಯ ಹಾಗೆ ಎಲ್ಲ ಇದ್ದಲ್ಲೇ ಇತ್ತು. ಅಂಗಡಿಯಲ್ಲಿ ಅವಳು ಒಂದು ರವಿಕೆಗೆ ಎಡತೋಳನ್ನು ಬಲಕ್ಕೆ ಹೊಲಿದಳು, ಇನ್ನೊಂದರ ಕುತ್ತಿಗೆಯನ್ನು ಬೆನ್ನಿಗಿಳಿಸಿದಳು. ಶಶಿಧರ್, "ಅವ್ವನ ನೆನಪಾಗ್ತಿದೆಯಾ?" ಅಂತ ಕೇಳಿದ. ಹೂಂ ಅಂದಳು. ಅದೂ ಸುಳ್ಳಾಗಿರಲಿಲ್ಲ, ಆದರೆ ಅವತ್ತು ಕಾಡುತ್ತಿದ್ದದ್ದು ಬದುಕಿದ್ದವಳು.

ದೀಪಾವಳಿ ಹತ್ತಿರ ಬರುತ್ತಿತ್ತು. ಒಂದು ದಿನ ಶ್ವೇತ ಯಾವ ವಾರ ಅಂತಲೂ ನೋಡದೆ, ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಎದ್ದು ಬೆಳಕವಾಡಿಗೆ ಹೋದಳು. ಬೀಗ ಇರಲಿಲ್ಲ. ಮಹದೇವಮ್ಮ ಜಗುಲಿಯಲ್ಲಿ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಕೂತ್ಕೊ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಶ್ವೇತ ಕೂತಳು. ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

"ಮಾರ್ಕೆಟ್ ಮೀನಲ್ಲ ಅದು," ಅಂದಳು ಶ್ವೇತ.

"ನಂಗೊತ್ತಿಲ್ವಾ?"

"ತುಟಿಹರಕಿ ಅಂತ ಗೊತ್ತಿದ್ದೇ ತಗೊಂಡೆ ಕಣಕ್ಕ. ಅತ್ತೆಗೆ ಒಂದು ದಿನಾನೂ ಹೊಳೆ ಮೀನು ತಂದು ಹಾಕ್ಲಿಲ್ಲ ನಾನು. ಸಿಗ್ಲಿಲ್ಲ, ಸಿಗ್ಲಿಲ್ಲ ಅಂತಲೇ ಸಾಯೋತನಕ ಹೇಳ್ದೆ. ಸೊಸೆ ಕೈಲಾಗದವಳು ಅಂದುಕೊಂಡೇ ಹೋದ್ರು."

"ನನ್ನ ಯಾಕೆ ಕೇಳ್ನಿಲ್ಲ?"

"ಬೇಡ ಅಂದ್ರೆ ಅಂತ."

"ಬ್ಯಾಡ ಅಂತಿದ್ನೋ ಏನೋ. ಅದು ನಂಗೂ ಗೊತ್ತಿಲ್ಲ." ಮಹದೇವಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಕೇಳಿದ್ರೆ ಜಗಳ ಆಡ್ತಿದ್ದೆ. ಬೈತಿದ್ದೆ. ಆಮ್ಯಾಕೆ ನಾನೇ ಕೋಲು ಇಡ್ಕಂಡ್ರೂ ಇಡ್ಕತಿದ್ದೆ. ಅದ್ನೆಲ್ಲ ಆಡಾಕೆ ನಂಗೆ ಜಾಗಾನೇ ಕೊಡ್ನಿಲ್ಲ ನೀನು. ಬಾಗ್ಲು ಇಂದ್ಗಡೆ ಸತ್ತವ್ರು ಉಣ್ತಾವ್ರೆ, ಮುಂದ್ಗಡೆ ನಿಂತ್ಕಂಡು ಮಾರ್ಕೆಟ್ಟು ಅಂತೀಯೆ. ನಾನ್ಯಾರು ನಿಂಗೆ, ಮೀನು ತೂಗೋ ಸಾಬ್ರಾ?"

ಶ್ವೇತಳ ಕಣ್ಣು ಮಂಜಾಯಿತು. "ನೀನು ಬಿಟ್ಟೋಗ್ತೀಯ ಅಂತ ಹೆದರಿಕೆ ಆಯ್ತು."

"ಎದ್ರುಕಂಡು ಏನಾಯ್ತು ಈಗ? ಬುಟ್ಟೇ ಓಗಿದ್ನಲ್ಲ." ದನಿ ಇಳಿಸಿದಳು. "ಮಗಳ ಮನೇಲಿ ಏನೂ ಕಣದ ಕೆಲ್ಸ ಇರ್ನಿಲ್ಲ. ಸುಮ್ಕೆ ಗ್ವಾಡೆ ನೋಡ್ಕಂಡು ಕುಂತಿದ್ದೆ."

ಬೀದಿಯಲ್ಲಿ ಯಾರೋ ದನ ಹೊಡೆದುಕೊಂಡು ಹೋದರು. ಧೂಳು ಎದ್ದು, ಬಿಸಿಲಲ್ಲಿ ಬಂಗಾರವಾಗಿ, ಮೆಲ್ಲಗೆ ಇಳಿಯಿತು. ಮಹದೇವಮ್ಮ ಅದು ಇಳಿಯುವವರೆಗೂ ನೋಡುತ್ತಿದ್ದು, ಶ್ವೇತಳ ಕಡೆ ತಿರುಗದೆಯೇ ಕೇಳಿದಳು.

"ಎಂಗಿತ್ತು?"

"ಏನು?"

"ಮೀನು ಕಣೆ. ರುಚಿ ಎಂಗಿತ್ತು?"

ಶ್ವೇತ ಗಾಬರಿಯಾದಳು. "ಏನೋ, ಅಷ್ಟಕ್ಕಷ್ಟೆ ಕಣಕ್ಕ. ನನ್ನ ಗಂಟಲಲ್ಲಿ ಇಳೀಲೇ ಇಲ್ಲ."

ಮಹದೇವಮ್ಮನಿಗೆ ಈಗ ಬಂತು ಸಿಟ್ಟು. ಮೊರವನ್ನು ದಡಾರನೆ ಪಕ್ಕಕ್ಕಿಟ್ಟಳು. "ಮತ್ತೆ ಮಾರ್ಕೆಟ್ಟೇನೇ? ಅಷ್ಟ್ ವರ್ಸ ಕಾವೇರಿ ನೀರು ಕುಡ್ದು, ನನ್ ಕೈಯಲ್ಲಿ ಓಗಿ ಬಂದು ಬೆಳ್ದ ಮೀನು ಅಷ್ಟಕ್ಕಷ್ಟೇನಾ? ಅದ್ನೂ ಕೊಂದು, ರುಚೀನೂ ಇರ್ನಿಲ್ಲ ಅಂತೀಯಾ?"

ಶ್ವೇತ ತಲೆ ತಗ್ಗಿಸಿದಳು. ಆಮೇಲೆ ಎತ್ತಿದಳು.

"ಅಂಥಾ ಮೀನು ನಾನು ಹುಟ್ಟಿದಾಗಿಂದ ತಿಂದಿಲ್ಲ ಕಣಕ್ಕ."

"ಅಂಗ್ ಯೋಳು."

"ಹಾಗೆಲ್ಲ ಹೇಳಿದ್ರೆ... ಕೇಳಿದ್ರೆ ನಿನ್ನ ಕಾಶಿ ಕೆಡಲ್ವಾ?"

"ಗಂಗೇಲಿ ಬೀಗ ಆಕ್ಸಿದ್ದು ಬಾಯಿಗೆ. ಕಿವಿಗಲ್ಲ."

ಶ್ವೇತ ಹೇಳಿದಳು. ಮೊದಲು ತಡವರಿಸಿದಳು, ಆಮೇಲೆ ದಾರ ತಾನೇ ಬಿಚ್ಚಿಕೊಂಡಿತು. ಅತ್ತೆಯ ಮಣ್ಣಿನ ಮಡಕೆಯನ್ನೇ ಇಳಿಸಿದ್ದು, ಹಳೆ ಹುಣಸೆಹಣ್ಣು ನೆನೆಸಿದ್ದು, ಮೆಂತ್ಯ ಸೀಯದ ಹಾಗೆ ಹುರಿದದ್ದು. ತುಂಡು ಹಾಕಿದ ಮೇಲೆ ಸೌಟು ತೋರಿಸದೆ ಮಡಕೆಯನ್ನೇ ಹಿಡಿದು ತಿರುಗಿಸಿದ್ದು. ಮಾಂಸ ಬೆಳ್ಳಗೆ ಪದರುಪದರಾಗಿ, ಮುಟ್ಟಿದರೆ ಸೀರೆಯ ಮಡಿಕೆ ಬಿಚ್ಚುವ ಹಾಗೆ ಬರುತ್ತಿತ್ತು. ಕೆಸರಿನ ವಾಸನೆ ಒಂದಿಷ್ಟೂ ಇರಲಿಲ್ಲ, ಬಂಡೆಯ ಮೇಲಿನ ತಣ್ಣನೆ ನೀರು ಬಾಯಿಗೆ ಬಂದ ಹಾಗಿತ್ತು. ಹೊಟ್ಟೆಯ ಕಡೆ ತುಂಡಿನಲ್ಲಿ ನೆಣ ಕರಗಿ ಸಾರಿನ ಮೇಲೆ ಹಳದಿ ಕಣ್ಣುಗಳು ತೇಲುತ್ತಿದ್ದವು. ಮಾರನೇ ದಿನ ಉಳಿದ ಸಾರಿಗೆ ತಂಗಳು ಮುದ್ದೆ ಅದ್ದಿದರೆ ಅದು ಇನ್ನೂ ಒಂದು ಕೈ ಮೇಲೆ.

ಮಹದೇವಮ್ಮ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಅವಳ ದವಡೆ ತುಸುತುಸುವೇ ಆಡುತ್ತಿತ್ತು. ಒಮ್ಮೆ ಉಗುಳು ನುಂಗಿದಳು.

"ತಲೆ ಯಾರಿಗೆ ಆಕ್ದೆ?"

"ಎಡೆ ಎತ್ತಿದ ಮೇಲೆ ನಮ್ಮನೆಯವರು ಕೇಳಿದ್ರು. ಕೊಡ್ಲಿಲ್ಲ. ಅಡುಗೆಮನೇಲಿ ಕೂತು ನಾನೇ ತಿಂದೆ."

"ಕಳ್ಳಿ!" ಮಹದೇವಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. ನಗು ಹೊಟ್ಟೆಯಿಂದ ಎದ್ದು ಭುಜ ಕುಲುಕಿತು. ಕಣ್ಣಂಚಿನಿಂದ ಒಂದು ಹನಿ ಇಳಿದು ಕೆನ್ನೆಯ ಸುಕ್ಕಿನಲ್ಲಿ ದಾರಿ ಹುಡುಕಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. "ಕೆನ್ನೇಲಿ ಒಂದು ಸಣ್ಣ ತುಂಡು ಇರ್ತದಲ್ಲ, ಬೆಣ್ಣೆ ತರ? ಅದು?"

"ಅದೂ."

"ಎರಡ್ಕಡೇದೂ?"

"ಎರಡ್ಕಡೇದೂ ಕಣಕ್ಕ."

"ಎಲಾ ಇವ್ಳ." ಮಹದೇವಮ್ಮ ಕಾಲು ನೀಡಿ, ಬೆನ್ನು ಸರಿಮಾಡಿಕೊಂಡು ಕಂಬಕ್ಕೆ ಇನ್ನಷ್ಟು ಒರಗಿದಳು, ದೊಡ್ಡ ಊಟಕ್ಕೆ ಕೂರುವವರ ಹಾಗೆ. "ಬಿರ್ರನೆ ಯೋಳ್ಬುಟ್ಟೆ. ಮೊದ್ಲಿಂದ ಯೋಳು. ಮಡಕೆ ಒಲೆ ಮೇಲೆ ಇಟ್ಟಲ್ಲಿಂದ."

ಶ್ವೇತ ಮೊರವನ್ನು ಆಚೆ ಸರಿಸಿ, ಕಾಲು ಮಡಚಿ ಅವಳ ಪಕ್ಕಕ್ಕೆ ಬಂದು ಕೂತಳು. ಮತ್ತೆ ಶುರು ಮಾಡಿದಳು.